ಫೆಬ್ರವರಿಯ ಆಮೆ

ನಾನು ಟೋಪಿ ಎತ್ತುವವರೆಗೆ ನಮ್ಮ ಎಸ್ಟೇಟಿನಲ್ಲಿ ಯಾರೂ ಕುದುರೆಯಿಂದ ಇಳಿಯುವಂತಿರಲಿಲ್ಲ. ಬಂದವನು ಬ್ಯಾಂಕಿನ ದೊರೆಯಾಗಿರಲಿ, ಗವರ್ನರನ ಷಡ್ಡಕನಾಗಿರಲಿ, ನನ್ನ ತಲೆಯನ್ನೇ ನೋಡಿಕೊಂಡು ಜೀನಿನ ಮೇಲೆ ಕೂತಿರಬೇಕು. ನಾಯಿ ಹುಲ್ಲಿನೊಳಗಿನ ಬುರ್ಲಿ ಹಕ್ಕಿಗಳ ವಾಸನೆ ಹಿಡಿದು ಅಲ್ಲಾಡದೆ ನಿಂತಾಗ ನಾನು ಟೋಪಿ ತೆಗೆದು ಮೇಲೆತ್ತುತ್ತೇನೆ. ಆಮೇಲೆ ಇಬ್ಬರು ಇಳಿದು, ಬಂದೂಕಿಗೆ ತೋಟಾ ತುಂಬಿಕೊಂಡು ನನ್ನ ಎಡಕ್ಕೊಬ್ಬ ಬಲಕ್ಕೊಬ್ಬ ನಿಲ್ಲುತ್ತಾರೆ. ನಾನು ಹುಲ್ಲು ಬಡಿದು ಹಕ್ಕಿ ಎಬ್ಬಿಸುತ್ತೇನೆ. ದಕ್ಷಿಣ ಜಾರ್ಜಿಯಾದ ಪೈನ್ ಕಾಡುಗಳಲ್ಲಿ ನಮ್ಮ ತಾತನ ಕಾಲದಿಂದ ಇದೇ ಪದ್ಧತಿ. ನನ್ನಪ್ಪ ಏಮಸ್ ಪಿಂಕ್ನಿ ನಲವತ್ತು ವರ್ಷ ಟೋಪಿ ಎತ್ತಿದ. ಅವನ ನಂತರ ನಾನು, ಅರ್ಡೀಲಿಯಾ, ಈ ಕತೆ ನಡೆಯುವ ಹೊತ್ತಿಗೆ ಇಪ್ಪತ್ತಾರು ವರ್ಷ ಎತ್ತಿದ್ದೆ. ಹೆಂಗಸೊಬ್ಬಳು ನಾಯಿ ಆಡಿಸುವುದೇ ಎಂದು ಮೊದಲ ವರ್ಷ ನಕ್ಕವರಿದ್ದರು. ನನ್ನ ನಾಯಿಗಳನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡರು.

ಅಪ್ಪ ನನಗೆ ಟೋಪಿಯ ಜೊತೆ ಎರಡು ಕಟ್ಟಳೆಗಳನ್ನೂ ಬಿಟ್ಟುಹೋಗಿದ್ದ. ಸೂರ್ಯ ಪೈನ್ ಮರಗಳ ತಲೆ ಮುಟ್ಟಿದ ಮೇಲೆ ಒಂದು ಗುಂಡೂ ಹಾರಬಾರದು. ಹತ್ತಕ್ಕಿಂತ ಕಡಿಮೆ ಉಳಿದ ಹಿಂಡಿನ ಕಡೆ ನಾಯಿಯನ್ನು ಬಿಡಲೇಬಾರದು. ಬುರ್ಲಿಗಳು ರಾತ್ರಿ ನೆಲದ ಮೇಲೆ ಮಲಗುವ ಹಕ್ಕಿಗಳು. ಬಾಲಗಳನ್ನೆಲ್ಲ ಒಳಗೆ ಸೇರಿಸಿ, ಕೊಕ್ಕು ಹೊರಗೆ ಮಾಡಿ, ಮೈಗೆ ಮೈ ತಾಗಿಸಿ ದುಂಡಗೆ ಕೂರುತ್ತವೆ. ಹಗಲು ಚದುರಿಸಿದರೆ ಒಂದನ್ನೊಂದು ಕೂಗಿ ಕರೆದು ಕತ್ತಲಾಗುವುದರೊಳಗೆ ಮತ್ತೆ ಕೂಡಿಕೊಳ್ಳುತ್ತವೆ. ಹೊತ್ತು ಮೀರಿ ಹೊಡೆದರೆ ಕೂಡಿಕೊಳ್ಳಲು ಬೆಳಕಿರುವುದಿಲ್ಲ. ಹಿಂಡು ತೀರ ಕರಗಿದರೆ ಆ ದುಂಡು ಮುಚ್ಚುವುದಿಲ್ಲ, ಚಳಿ ಒಳಗೆ ನುಗ್ಗುತ್ತದೆ. ನನಗೆ ಏಳು ವರ್ಷವಿದ್ದಾಗ, ಹುಲ್ಲೆಲ್ಲ ಹಿಮಗಟ್ಟಿದ ಒಂದು ಬೆಳಗ್ಗೆ ಅಪ್ಪ ಸತ್ತ ಐದು ಹಕ್ಕಿಗಳನ್ನು ತಂದು ನನ್ನ ಮಡಿಲಿಗೆ ಹಾಕಿ, "ಹುಡುಕು, ಒಂದಕ್ಕಾದ್ರೂ ಗುಂಡು ಬಿದ್ದಿದ್ಯಾ?" ಎಂದಿದ್ದ. ರೆಕ್ಕೆ ಬಿಡಿಸಿ ಬಿಡಿಸಿ ನೋಡಿದೆ. ಒಂದು ಗಾಯವೂ ಇರಲಿಲ್ಲ.

ಹಾಗಂತ ನಾನು ಬೇಟೆ ಬೇಡ ಎನ್ನುವವಳಲ್ಲ. ಬುರ್ಲಿಯನ್ನು ಬಾಣಲೆಯಲ್ಲಿ ಹುರಿದು ಗಟ್ಟಿ ಸಾರು ಮಾಡಿ ಗ್ರಿಟ್ಸ್ ಎನ್ನುವ ಜೋಳದ ಗಂಜಿಯ ಮೇಲೆ ಸುರಿದುಕೊಂಡು ನಾನು ತಿಂದಷ್ಟು ಈ ಜಿಲ್ಲೆಯಲ್ಲಿ ಯಾರೂ ತಿಂದಿರಲಾರರು. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾರ್ಚಿನಲ್ಲಿ ಕಾಡಿನ ತರಗಿಗೆ ಹದವಾಗಿ ಬೆಂಕಿ ಇಟ್ಟು, ಮರಿಗಳಿಗೆ ಅಡಗಲು ಅಲ್ಲಲ್ಲಿ ಪೊದೆ ಉಳಿಸಿ, ವರ್ಷವೆಲ್ಲ ಹಕ್ಕಿ ಸಾಕುವವರು ನಾವು. ಗುಂಡು ಹಾರಿಸುವವರು ಎರಡು ದಿನ ಬಂದು ಹೋಗುವವರು.

ಹಳೆಯ ಯಜಮಾನಿ ಮಿಸ್ ವಿನಿಫ್ರೆಡ್‌ಗೆ ಇದೆಲ್ಲ ಗೊತ್ತಿತ್ತು. ಬಾಯಿ ಜೋರಿನ ಹೆಂಗಸು, ನನಗೂ ಅವರಿಗೂ ವಾರಕ್ಕೊಂದು ಜಗಳ ಖಾಯಂ. ಆದರೂ ಸೂರ್ಯ ಮರ ಮುಟ್ಟಿದ್ದನ್ನು ನನಗಿಂತ ಮೊದಲು ನೋಡಿ ಕುದುರೆ ತಿರುಗಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಎಸ್ಟೇಟು ಅವರ ತಮ್ಮನ ಮಗ ಪ್ರೆಸ್ಟನ್‌ನ ಕೈಗೆ ಬಂತು. ಅಟ್ಲಾಂಟಾದಲ್ಲಿ ಬೆಳೆದವನು, ಮೂವತ್ತಾರು ವರ್ಷ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ಇವನು ಮನೆಯೊಳಗೂ ಸವಾರಿಯ ಬೂಟು ಹಾಕಿಕೊಂಡೇ ಓಡಾಡುತ್ತಿದ್ದ. ಐವತ್ತೆಂಟು ವರ್ಷದ ನನ್ನನ್ನು "ಏ ಡೀಲಿ, ಬಾ ಇಲ್ಲಿ" ಎಂದು ಕರೆಯುತ್ತಿದ್ದ.

ಅವನು ಬಂದ ವರ್ಷವೇ ಹಕ್ಕಿಗಳಿಗೂ ಕೆಟ್ಟ ಕಾಲ. ಎರಡು ವರ್ಷ ಸತತವಾಗಿ ಜೂನ್ ಮಳೆಗೆ ಗೂಡುಗಳು ಕೊಚ್ಚಿಹೋಗಿದ್ದವು. ಅಕ್ಟೋಬರಿನಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಪ್ರತಿ ಹಿಂಡಿನಿಂದ ಒಂದು ಹಕ್ಕಿ ನಾವಿಲ್ಲಿದ್ದೇವೆ ಎಂದು ಶಿಳ್ಳೆ ಹಾಕುತ್ತದೆ. ಆ ಕೂಗು ಎಣಿಸಿಯೇ ನಾವು ಹಿಂಡುಗಳ ಲೆಕ್ಕ ಹಿಡಿಯುವುದು. ಅರವತ್ತು ಕೂಗುತ್ತಿದ್ದ ಕಾಡಿನಲ್ಲಿ ಆ ಸಲ ಇಪ್ಪತ್ತಮೂರು ಕೂಗಿದವು. ಪೂರ್ವದ ಗಡಿಯಲ್ಲಿ, ಸರ್ಕಾರಿ ರಸ್ತೆಯ ಪಕ್ಕಕ್ಕೆ, ಉಳಿದದ್ದು ಒಂದೇ ಹಿಂಡು. ಹಿಂಡುಗಳಿಗೆ ನಾವು ಜಾಗದ ಹೆಸರಿಡುತ್ತೇವೆ. ಅದು ಹಳೇ ಶಾಲೆ ಹಿಂಡು. ನಮ್ಮ ಕರಿಯರ ಮಕ್ಕಳಿಗೆಂದು ಒಂದೇ ಕೋಣೆಯ ಶಾಲೆ ಇದ್ದ ಜಾಗ ಅದು. ನಾನು ಅಕ್ಷರ ಕಲಿತದ್ದು ಅಲ್ಲೇ. ಈಗ ನಾಲ್ಕು ಮೆಟ್ಟಿಲು, ಸುತ್ತ ಕಾಡುಪ್ಲಮ್ಮಿನ ಮುಳ್ಳುಪೊದೆ ಇದೆ.

ಹಿಂಡಿನಲ್ಲಿ ಹದಿನೈದು ಹಕ್ಕಿ ಇದ್ದವು. ಜನವರಿಯಲ್ಲಿ ನಾನು ಜ್ವರ ಬಂದು ಮಲಗಿದ್ದ ಒಂದು ವಾರದಲ್ಲಿ ಪ್ರೆಸ್ಟನ್ ಸ್ನೇಹಿತರನ್ನು ಕರೆದುಕೊಂಡು ಎರಡು ಸಲ ಅಲ್ಲಿಗೆ ಹೋಗಿ ಬಂದ. ಎದ್ದು ಹೋಗಿ ನೋಡುತ್ತೇನೆ, ಒಂಬತ್ತು! ಅಷ್ಟೇ ಉಳಿದಿದ್ದವು. ಹೋಗಿ ಕೇಳಿದ್ದಕ್ಕೆ, ಹಕ್ಕಿ ತಾನೇ, ಮೊಟ್ಟೆ ಇಡುತ್ತವೆ ಬಿಡು ಎಂದ. ಒಂಬತ್ತೂ ಉಳಿದು ವಸಂತಕ್ಕೆ ಜೋಡಿಯಾದರೆ ಪೂರ್ವದ ಗಡಿ ಮತ್ತೆ ತುಂಬುತ್ತದೆ. ಇನ್ನೆರಡು ಹೋದರೂ ಚಳಿ ಉಳಿದವನ್ನು ಮುಗಿಸುತ್ತದೆ, ಆಮೇಲೆ ಆ ಮಗ್ಗುಲಲ್ಲಿ ಬುರ್ಲಿ ಎನ್ನುವುದೇ ಇರುವುದಿಲ್ಲ. ಬೇಟೆಯ ಕಾಲ ಮುಗಿಯುವವರೆಗೆ ಅತ್ತ ಯಾರೂ ಹೋಗದಂತೆ ನೋಡಿಕೊಳ್ಳುತ್ತೇನೆಂದು ಅವತ್ತೇ ನಿಶ್ಚಯಿಸಿದೆ.

ಹೋಗಲಿಲ್ಲ ಕೂಡ, ಫೆಬ್ರವರಿಯ ಕೊನೆಯ ಬೇಟೆಯ ದಿನದವರೆಗೆ.

ಅವತ್ತು ಬಂದ ಅತಿಥಿ ಅಲಬಾಮಾದ ಮರದ ವ್ಯಾಪಾರಿ ಲೇಥ್ರಪ್, ಎಪ್ಪತ್ತು ದಾಟಿದ ಮುದುಕ. ಪ್ರೆಸ್ಟನ್‌ಗೆ ಅವನಿಂದ ಏನೋ ಆಗಬೇಕಿತ್ತು, ಬೆಳಗಿನಿಂದ ಅವನ ಕುದುರೆಯ ಹಿಂದೆಯೇ ಇದ್ದ. ಮುದುಕನಿಗೆ ಕಣ್ಣು ಮಂಜು. ಏಳು ಹಿಂಡು ಎಬ್ಬಿಸಿಕೊಟ್ಟೆ, ಒಂದು ಪುಕ್ಕವೂ ಉದುರಲಿಲ್ಲ. ಹೇಸರಗತ್ತೆಗಳ ಗಾಡಿ ಹೊಡೆಯುತ್ತಿದ್ದ ನನ್ನ ಮೈದುನ ಕ್ಲೀವನ್, ಇವರು ಹೀಗೇ ಹೊಡೆಯುತ್ತಿದ್ದರೆ ಹಕ್ಕಿಗಳಿಗೆ ಆಯಸ್ಸು ಗಟ್ಟಿ ಎಂದು ಗೊಣಗಿದ. ಮುದುಕ ಬೇಸರ ಮಾಡಿಕೊಳ್ಳಲಿಲ್ಲ. ಬೇಸರವೆಲ್ಲ ಪ್ರೆಸ್ಟನ್‌ನದು. ಇನ್ನೊಂದು ಹಿಂಡು, ಇನ್ನೊಂದೇ ಹಿಂಡು ಎಂದು ನನ್ನ ಹಿಂದೆ ಬಿದ್ದ. ಸೂರ್ಯ ಇಳಿಯುತ್ತಿದ್ದ. ನಾನು ಬೇಕೆಂದೇ ಹಳ್ಳದ ಕಡೆಗೆ, ಎಂದರೆ ಮನೆಯ ಕಡೆಗೆ, ನಾಯಿ ಬಿಟ್ಟೆ.

ಗಾಳಿ ತಿರುಗಿತು. ನನ್ನ ನಾಯಿ ಪರ್ಲ್, ಬಿಳಿಯ ಮೈ, ಕಂದು ಕಿವಿ, ಮೂರು ವರ್ಷ ಕೈತುತ್ತು ಹಾಕಿ ತಿದ್ದಿದ ಹೆಣ್ಣು. ಮೂಗು ಮೇಲೆತ್ತಿ ಪೂರ್ವಕ್ಕೆ ತಿರುಗಿದವಳು ನನ್ನ ಸೀಟಿಗೂ ನಿಲ್ಲದೆ ಓಡಿದಳು. ನಾವು ಹೋಗಿ ಮುಟ್ಟುವ ಹೊತ್ತಿಗೆ ಶಾಲೆಯ ಮೆಟ್ಟಿಲ ಪಕ್ಕದ ಪೊದೆಯ ಮುಂದೆ ಬಾಲ ನೆಟ್ಟಗೆ ಮಾಡಿ, ಒಂದು ಕಾಲು ಎತ್ತಿ ನಿಂತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆಂದ ನಿಂತ ನಾಯಿಯನ್ನು ನಾನು ಕಂಡಿಲ್ಲ. ಸೂರ್ಯ ಆಗಷ್ಟೇ ಪೈನ್ ತಲೆಗೆ ತಾಗಿದ್ದ.

ಹಿಂದಿನಿಂದ ಕುದುರೆಗಳು ಬಂದು ನಿಂತವು. ಎಲ್ಲರೂ ನನ್ನ ಟೋಪಿ ನೋಡುತ್ತಿದ್ದರು. ಕೈ ತಾನಾಗಿ ಮೇಲೆ ಹೋಗುತ್ತಿತ್ತು, ಹಿಡಿದುಕೊಂಡೆ. ಏನಾದರೂ ಹೇಳಬೇಕಿತ್ತು. ಹೊತ್ತು ಮೀರಿದೆ ಎಂದರೆ ಪ್ರೆಸ್ಟನ್ ಕೇಳುವವನಲ್ಲ. ನಾಯಿ ಸುಳ್ಳು ನಿಂತಿದೆ ಎಂದರೆ ಸರಿಹೋದೀತು ಎಂದುಕೊಂಡು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಹಕ್ಕಿ ಅಲ್ಲ ಸರ್, ಆಮೆ. ಈ ನಾಯಿಗೆ ಆಮೆ ಕಂಡ್ರೆ ಹಿಂಗೇ."

ಗಾಡಿಯ ಮೇಲೆ ಕ್ಲೀವನ್‌ಗೆ ಕೆಮ್ಮು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಯಿ ಆಮೆಯ ಮುಂದೆ ನಿಲ್ಲುವುದು ಸುಳ್ಳಲ್ಲ, ಏಪ್ರಿಲಿನಲ್ಲಿ, ಮೇ ತಿಂಗಳಲ್ಲಿ. ಫೆಬ್ರವರಿಯ ಚಳಿಯಲ್ಲಿ ನಮ್ಮ ಕಡೆಯ ಆಮೆಗಳೆಲ್ಲ ನೆಲದೊಳಗೆ ಬಿಲ ಸೇರಿ ಮಲಗಿರುತ್ತವೆ. ಇದು ನಮ್ಮಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ಪ್ರೆಸ್ಟನ್‌ಗೆ ಗೊತ್ತಿರಲಿಲ್ಲ. ಛೆ ಎಂದು ಲಗಾಮು ತಿರುಗಿಸಿಯೇ ಬಿಟ್ಟಿದ್ದ. ಆದರೆ ಅಲಬಾಮಾದ ಮುದುಕ ನಾಯಿಯನ್ನೂ ನನ್ನನ್ನೂ ಒಂದು ಗಳಿಗೆ ನೋಡಿದ.

"ಫೆಬ್ರವರೀಲಿ ಆಮೆನಾ ತಾಯಿ?" ಎಂದ ಮೆಲ್ಲಗೆ.

ಪ್ರೆಸ್ಟನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನ ಕುತ್ತಿಗೆ ಕೆಂಪಗಾಯಿತು. ಅತಿಥಿಯ ಮುಂದೆ ನನ್ನ ಮಾನ ತೆಗೆಯುತ್ತೀಯಾ, ಟೋಪಿ ಎತ್ತು ಎಂದು ಕೂಗಿದ. ನನಗೆ ಅವನ ಕೂಗಿಗಿಂತ ನಾಯಿಯ ಬಗ್ಗೆ ನಾಚಿಕೆಯಾಯಿತು. ತನ್ನ ಜನ್ಮದಲ್ಲೇ ಅತಿ ನಿಜವಾದ ಕೆಲಸ ಮಾಡಿ ನಿಂತಿರುವವಳನ್ನು ನಾನು ಸುಳ್ಳಿ ಎಂದಿದ್ದೆ.

"ಹೌದು, ಸುಳ್ ಹೇಳ್ದೆ," ಎಂದೆ. "ನಾಯಿ ಸರಿಯಾಗೇ ನಿಂತಿದೆ. ಒಳಗೆ ಹಕ್ಕಿ ಇವೆ, ಒಂಬತ್ತೇ. ಅಲ್ಲಿ ನೋಡಿ, ಸೂರ್ಯ ಮರ ಮುಟ್ಟಿದ್ದಾನೆ. ನಾನು ಟೋಪಿ ಎತ್ತಲ್ಲ."

"ನೀನು ಎತ್ತದಿದ್ರೆ ಹಕ್ಕಿ ಹಾರಲ್ವಾ? ನಾನೇ ಎಬ್ಬಿಸ್ತೀನಿ ನೋಡ್ತಿರು," ಎಂದು ಪ್ರೆಸ್ಟನ್ ಇಳಿದ. ತನ್ನ ಬಂದೂಕಿಗೆ ಎರಡು ತೋಟಾ ಹಾಕಿದ. ಮುದುಕನಿಗೆ ಇಳಿಯಲು ಹೇಳಿದ. ಮುದುಕ ಇಳಿಯಲೂ ಇಲ್ಲ, ಬೇಡ ಎನ್ನಲೂ ಇಲ್ಲ, ಕೂತೇ ಇದ್ದ. ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನ್ಯಾಯ ಯಾವ ಕಡೆ ಇದೆ ಎಂದು ಗೊತ್ತಿರುತ್ತದೆ, ಕುದುರೆಯಿಂದ ಮಾತ್ರ ಇಳಿಯುವುದಿಲ್ಲ.

ನನಗೆ ಯೋಚಿಸಲು ಪುರುಸೊತ್ತಿರಲಿಲ್ಲ. ಎದುರಿಗೆ ಮನುಷ್ಯರಿದ್ದರೆ ಬಂದೂಕು ಎತ್ತಬಾರದು, ಇದು ಬೇಟೆಯ ಮೊದಲ ಪಾಠ. ಪ್ರೆಸ್ಟನ್‌ಗಿಂತ ಮುಂದೆ ನಡೆದು, ಪರ್ಲ್‌ಳನ್ನು ದಾಟಿ, ಮುಳ್ಳಿಗೆ ಲಂಗ ಹರಿದರೂ ನೋಡದೆ ಪೊದೆಯ ಬಾಯಿಗೆ ಹೋಗಿ ಅವನ ಕಡೆ ತಿರುಗಿ ನಿಂತೆ. ಎರಡೂ ಕೈ ಚಾಚಿದೆ. ಅವನ ಬಂದೂಕು ಅರ್ಧಕ್ಕೆ ಎದ್ದಿತ್ತು. ಧೈರ್ಯವಾಗಿ ನಿಂತಿದ್ದೆ ಎಂದು ಚರ್ಚಿನಲ್ಲಿ ಈಗಲೂ ಹೇಳುತ್ತಾರೆ. ಸುಳ್ಳು. ಕೋಪ ಒಂದೇ ನನ್ನನ್ನು ನಿಲ್ಲಿಸಿತ್ತು. ಹಿಮ್ಮಡಿಯಿಂದ ಹಿಂದಿನ ಹುಲ್ಲನ್ನು ಒದ್ದೆ.

ಹಕ್ಕಿಗಳು ನನ್ನ ಕಾಲ ಬುಡದಿಂದಲೇ ಬುರ್ರೆಂದು ಎದ್ದವು. ಎಲ್ಲವೂ ನನ್ನ ಬೆನ್ನ ಹಿಂದೆ, ರಸ್ತೆಯ ಕಡೆಗೆ ಹೋದವು. ತಿರುಗಿ ನೋಡದೆ ಕಿವಿಯಲ್ಲೇ ಎಣಿಸಿದೆ. ಒಂಬತ್ತು. ಗುಂಡು ಹಾರಲಿಲ್ಲ. ಪ್ರೆಸ್ಟನ್ ಬಂದೂಕು ಇಳಿಸಿದ. ಅವನ ಮುಖವೂ ಬಿಳುಚಿತ್ತು.

"ಈಗ ಎಲ್ರೂ ಸದ್ದಿಲ್ದೆ ಹೊರಡಿ," ಎಂದೆ. "ಅವು ಕೂಡ್ಕೊಳ್ಳೋಕೆ ಮುಕ್ಕಾಲು ಗಂಟೆ ಬೆಳಕಿದೆ. ಅದನ್ನಾದ್ರೂ ಕೊಡಿ."

ನಾಳೆಯಿಂದ ಬರಬೇಡ ಎಂದ ಪ್ರೆಸ್ಟನ್. ನೀನಿರುವ ಕೆರೆ ಪಕ್ಕದ ಮನೆ ತಿಂಗಳೊಳಗೆ ಖಾಲಿ ಮಾಡು, ನಾಯಿ ಎಸ್ಟೇಟಿನದು, ಇಲ್ಲೇ ಬಿಡು ಎಂದ. ಮನೆ ಹೋಗುತ್ತದೆಂದು ನನಗೆ ಗೊತ್ತಿತ್ತು. ನಾಯಿಯ ಮಾತು ಮಾತ್ರ ನಾನು ಎಣಿಸಿರಲಿಲ್ಲ. ಪರ್ಲ್ ಇನ್ನೂ ನಿಂತೇ ಇದ್ದಳು. ಹಕ್ಕಿ ಹಾರಿದರೂ ನಾನು ಹೇಳುವವರೆಗೆ ಕದಲಬಾರದೆಂದು ಕಲಿಸಿದವಳು ನಾನೇ ತಾನೇ. ಪಕ್ಕೆ ತಟ್ಟಿ, ಕಿವಿ ಸವರಿ, ನೀನು ಸರಿ, ತಪ್ಪು ನನ್ನದು ಎಂದು ಹೇಳಿ, ಎತ್ತಿಕೊಂಡು ಹೋಗಿ ಗಾಡಿಯ ನಾಯಿಗೂಡಿನಲ್ಲಿ ನನ್ನ ಕೈಯಾರೆ ಕೂರಿಸಿದೆ. ಬಾಗಿಲ ಚಿಲಕ ಹಾಕಲು ಆಗಲಿಲ್ಲ. ಕ್ಲೀವನ್ ಹಾಕಿದ.

"ಗುಬ್ಬಿ ಅಂದಿದ್ರೆ ಆಗ್ತಿರ್ಲಿಲ್ವಾ ಅತ್ತಿಗೆ," ಎಂದ ದಾರಿಯಲ್ಲಿ. "ಗುಬ್ಬಿ ವರ್ಷವೆಲ್ಲ ಇರುತ್ವೆ. ಆಮೆ ಅಂತೆ ಆಮೆ."

ಅಳುವಿನ ನಡುವೆ ನಗು ಬಂದುಬಿಟ್ಟಿತು. ಆ ಭಾನುವಾರದಿಂದ ಚರ್ಚಿನಲ್ಲಿ ಎಲ್ಲರ ಬಾಯಲ್ಲೂ ಅದೇ. ಪಾದ್ರಿಗಳೂ ಕೈಕುಲುಕುವಾಗ, ದಾರಿಯಲ್ಲಿ ಆಮೆ ಏನಾದರೂ ಕಂಡವೇ ಸಿಸ್ಟರ್ ಎಂದು ಕೇಳಿದರು. ನಗಲಿ. ನನ್ನ ವೃತ್ತಿಯಲ್ಲೇ ನಾನು ಆಡಿದ ಪೆದ್ದು ಸುಳ್ಳು ಅದು, ಮೈಗೆ ಅಂಟಿಕೊಂಡಿತು. ಆದರೆ ಪೊದೆಯ ಬಾಯಿಗೆ ಹೋಗಿ ನಿಂತದ್ದು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಕ್ಲೀವನ್‌ನ ಮನೆಯ ಹಿಂದಿನ ಕೋಣೆಗೆ ಹೋದೆ. ಅಂಗಡಿಯೊಂದರಲ್ಲಿ ಕಡಲೆಕಾಯಿ ಬೇಯಿಸುವ ಕೆಲಸ ಹಿಡಿದೆ. ಟೆನೆಸಿಯಿಂದ ಹೊಸ ನಾಯಿಯಾಳು ಬಂದ. ಮಾರ್ಚಿನಲ್ಲಿ ಕಾಡು ಸುಡುವಾಗ ಶಾಲೆಯ ಪೊದೆಗೂ ಬೆಂಕಿ ಇಡಲು ಅವನು ಹೇಳಿದನಂತೆ. ಹೂಂ ಎಂದ ಕ್ಲೀವನ್ ಪೊದೆಯ ಸುತ್ತ ನೆಲ ಉತ್ತು ಬೆಂಕಿ ಒಳಗೆ ದಾಟದ ಹಾಗೆ ಮಾಡಿದ. ಕೇಳಿದ್ದಕ್ಕೆ ಗಾಳಿ ತಿರುಗಿತು ಎಂದನಂತೆ. ನಮ್ಮ ಮನೆಯಲ್ಲಿ ಸುಳ್ಳು ಹೇಳಲು ಬರುವವನು ಅವನೊಬ್ಬನೇ.

ಅಕ್ಟೋಬರ್ ಬಂತು. ಎಂಟು ತಿಂಗಳು ಒಂದೇ ಚಿಂತೆ, ಆ ಒಂಬತ್ತು ಅವತ್ತು ಕೂಡಿಕೊಂಡವೋ ಇಲ್ಲವೋ. ಮೊದಲ ಚಳಿಯ ಬೆಳಗ್ಗೆ ಇನ್ನೂ ಬೆಳಕು ಹರಿಯುವ ಮುಂಚೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ ಸರ್ಕಾರಿ ರಸ್ತೆಯಲ್ಲಿ, ಶಾಲೆಯ ಎದುರು, ಬೇಲಿಯ ಈಚೆ ನಿಂತೆ. ಮೂಡಲಲ್ಲಿ ಬೂದಿ ಬಣ್ಣ ಬಂತು. ಸದ್ದೇ ಇಲ್ಲ. ಹೋಯಿತು, ಎಲ್ಲ ಹೋಯಿತು, ನಾನು ಎಬ್ಬಿಸಿದ್ದೇ ಅವಕ್ಕೆ ಮೃತ್ಯುವಾಯಿತು ಎಂದುಕೊಂಡೆ. ಆಗ ಪೊದೆಯ ಒಳಗಿಂದ ಸ್ಪಷ್ಟವಾಗಿ, ಕೋಯ್-ಲೀ, ಕೋಯ್-ಲೀ. ಹಳೇ ಶಾಲೆ ಹಿಂಡು. ಅದಕ್ಕೆ ಹಳ್ಳದ ಕಡೆಯಿಂದ ಇನ್ನೊಂದು ಮರುಕೂಗಿತು. ಎರಡೂ ಸುಮ್ಮನಾಗುವ ಹೊತ್ತಿಗೆ ತೀರ ದೂರದಲ್ಲಿ, ನಮ್ಮ ಚರ್ಚಿನ ಹಳೆಯ ಸ್ಮಶಾನಕ್ಕೆ ಹೊಂದಿದ ಮೂಲೆಯಿಂದ, ಮೂರನೆಯದು. ಅದು ಎಷ್ಟು ಸಣ್ಣದಾಗಿ ಕೇಳಿತೆಂದರೆ ಉಸಿರು ಬಿಟ್ಟಿದ್ದರೆ ತಪ್ಪಿಹೋಗುತ್ತಿತ್ತು. ರಸ್ತೆಯ ಮಧ್ಯೆ ನಿಂತು ಅತ್ತೆ.

ಅಷ್ಟರಲ್ಲಿ ಬೇಲಿಯ ಆಚೆ ಗುರುಗುಟ್ಟುತ್ತ ಟ್ರಕ್ಕು ಬಂತು. ಪ್ರೆಸ್ಟನ್, ಪಕ್ಕದಲ್ಲಿ ಹೊಸ ನಾಯಿಯಾಳು. ಪ್ರೆಸ್ಟನ್ ಇಳಿದು ಬಂದ. ಎಂಟು ತಿಂಗಳಲ್ಲಿ ಮುಖ ಇಳಿದಿತ್ತು.

"ಮಿಸ್ ಅರ್ಡೀಲಿಯಾ," ಎಂದ. ಆ ಹೆಸರು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ಇವ್ನು ಎರಡು ವಾರದಿಂದ ಎಣಿಸ್ತಿದ್ದಾನೆ. ಈ ಮಗ್ಗುಲಲ್ಲಿ ಒಂದೂ ಇಲ್ಲ ಅಂತಾನೆ. ನಿಮಗೇನಾದ್ರೂ ಕೇಳಿಸ್ತಾ?"

"ಕೇಳಿಸ್ತು."

"ಎಷ್ಟು?"

"ಹೇಳಲ್ಲ."

ಇದು ನನ್ನ ಜಮೀನು ಎಂದ, ಹಳೆಯ ದನಿಯಲ್ಲಿ.

"ಜಮೀನು ನಿಮ್ದು. ರಸ್ತೆ ಸರ್ಕಾರದ್ದು. ಕಾಡು ಹಕ್ಕಿ ಯಾರಪ್ಪನ ಸ್ವತ್ತೂ ಅಲ್ಲ, ಕಾನೂನು ಓದ್ಕೊಳ್ಳಿ," ಎಂದೆ. "ಎಷ್ಟಿವೆ ಅಂತ ಬೇಕಾದ್ರೆ ಆ ಎಂಜಿನ್ ಬಿಟ್ಟು, ಕತ್ತಲಲ್ಲೇ ನಡ್ಕೊಂಡು ಬಂದು, ಚಳೀಲಿ ನಿಂತು ಕೇಳಿಸ್ಕೊಳ್ಳಿ. ನಿಮಗೂ ದೇವ್ರು ಎರಡು ಕಿವಿ ಕೊಟ್ಟಿದ್ದಾನೆ."

ಅವನು ಟ್ರಕ್ಕು ಹತ್ತಿ ಹೋದ. ಇನ್ನು ಬರುವುದಿಲ್ಲ ಎಂದುಕೊಂಡೆ. ಮರುದಿನ ಬೆಳಗ್ಗೆ ನಾನು ಹೋಗಿ ನಿಂತ ಸ್ವಲ್ಪ ಹೊತ್ತಿಗೆ ಬೇಲಿಯ ಆಚೆ ಒಣಹುಲ್ಲು ಸರಸರ ಎಂದಿತು. ಒಬ್ಬನೇ ಬಂದಿದ್ದ, ನಡೆದುಕೊಂಡು, ಬೂಟು ಮೊಣಕಾಲವರೆಗೆ ಒದ್ದೆ. ಕಾಫಿ ಕೊಡೋಣ ಅನ್ನಿಸಿತು, ಕೊಡಲಿಲ್ಲ.

ಕೂಗಿದವು. ಶಾಲೆಯದು ಕೂಗಿದಾಗ ಅವನು ಬೆಚ್ಚಿ ಪೊದೆಯ ಕಡೆ ತಿರುಗಿದ. ಹಳ್ಳದ್ದು ಕೂಗಿದಾಗ ಬಾಯಿ ಅರ್ಧ ತೆರೆದು ಕೇಳಿದ. ಸ್ಮಶಾನದ ಮೂಲೆಯದು ಕೂಗಿದಾಗ ಅವನು ಇನ್ನೂ ಹಳ್ಳದ ಕಡೆಯೇ ನೋಡುತ್ತಿದ್ದ. ಅವನಿಗಿದ್ದ ಎಸ್ಟೇಟು ಎಂಥದ್ದೆಂದು ಅವನು ಕಿವಿಯಾರೆ ಕೇಳಿದ್ದು ಅವತ್ತೇ ಇರಬೇಕು. ಎಲ್ಲ ನಿಂತ ಮೇಲೆ ಬೇಲಿಯ ಹತ್ತಿರ ಬಂದ. ನಾನು ಪೊದೆಯ ಬಾಯಲ್ಲಿ ನಿಂತಿದ್ದಾಗ ತನ್ನ ಬೆರಳು ಕುದುರೆಯ ಮೇಲಿತ್ತು ಎಂದ. ಬಂದೂಕಿನ ಕುದುರೆ. ಅದು ಈಗಲೂ ಕನಸಿನಲ್ಲಿ ಬರುತ್ತದೆ ಎಂದ. ಬರಲಿ ಎಂದೆ. ಕೆಲಸಕ್ಕೆ ವಾಪಸ್ ಬರುತ್ತೀರಾ ಎಂದು ಕೇಳಿದ. ಸೂರ್ಯ ಮರ ಮುಟ್ಟಿದ ಮೇಲೆ ಗುಂಡು ಹಾರಬಾರದು, ಟೋಪಿ ನಾನು ಎತ್ತಿದಾಗಲೇ ಎತ್ತಿದ ಹಾಗೆ, ಪರ್ಲ್ ನನ್ನ ಹೆಸರಿಗಾಗಬೇಕು, ಆಗ ಬರುತ್ತೇನೆ ಎಂದೆ. ಆಗಲಿ ಎಂದ. ಹೋಗುವ ಮುಂಚೆ ಎರಡು ಬೆರಳು ಎತ್ತಿ ತೋರಿಸಿ, "ಎರಡು ಹಿಂಡು. ಸರೀನಾ?" ಎಂದು ಕೇಳಿದ, ಪಾಠ ಒಪ್ಪಿಸುವವನ ಹಾಗೆ.

ನಾನು ಅವನ ಮುಖವನ್ನೇ ನೋಡಿದೆ. ಒಳ್ಳೆಯವನಾಗಲು ಹೊರಟಿದ್ದಾನೆ, ಇರಬಹುದು. ಫೆಬ್ರವರಿಯಲ್ಲಿ ಅತಿಥಿ ಬಂದು ಕೂತ ಮೇಲೂ ಹಾಗೇ ಇರುತ್ತಾನೋ ನೋಡಬೇಕು.

"ಸರಿ ಸರ್, ಎರಡು," ಎಂದೆ.

ಅವನ ಕೈಕೆಳಗೆ ಆಮೇಲೆ ಹನ್ನೊಂದು ವರ್ಷ ಟೋಪಿ ಎತ್ತಿದೆ. ಸ್ಮಶಾನದ ಮೂಲೆಗೆ ಒಂದು ದಿನವೂ ನಾಯಿ ಬಿಡಲಿಲ್ಲ.